ಅತ್ತಿಗೆಯ ಕೈ

ಫೋನಿನಲ್ಲಿ ಹೂಂ ಅಂದದ್ದು ಮಾದೇವ ಹೆಗಡೆಯೇ. ಆದರೆ ಯಾವುದಕ್ಕೆ ಹೂಂ ಅಂದೆ ಎಂಬುದು ಪೂರ್ತಿ ತಿಳಿಯಲು ಅವನಿಗೆ ಒಂದು ಸೀರೆ ಮಡಿಸುವಷ್ಟು ಹೊತ್ತು ಬೇಕಾಯಿತು. ಸಿದ್ದಾಪುರ ಪೇಟೆಯ ಆ ಬಟ್ಟೆ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಅವನದು ಸೀರೆ ತೋರಿಸುವ ಕೆಲಸ. ಬಿಚ್ಚಿದ ಸೀರೆಯ ಸೆರಗನ್ನು ತನ್ನ ಅಂಗಿಯ ಹೆಗಲ ಮೇಲೇ ಇಳಿಬಿಟ್ಟು, ಕತ್ತನ್ನು ಒಂದಿಷ್ಟು ಓರೆ ಮಾಡಿ ನಿಂತರೆ, ಬಂದ ಹೆಂಗಸರು ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು, ಆಮೇಲೆ ಅದೇ ಸೀರೆ ಕೊಳ್ಳುತ್ತಿದ್ದರು. "ನಿಂಗಕ್ಕೇ ಚೊಲೋ ಕಾಣ್ತು ಹೆಗಡೇರೆ" ಅನ್ನುವುದು ಮಾಮೂಲಿ ಮಾತು. ಹಿಂದೆ ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಮಾಡುತ್ತಿದ್ದವನು ಇವನೇ ಎಂದು ಗೊತ್ತಿದ್ದ ಹಳಬರು ಮಾತ್ರ ನಗದೆ, ತೀರಿಹೋದ ಯಾರದೋ ಪಟ ನೋಡಿದ ಹಾಗೆ ಒಂದು ಕ್ಷಣ ನೋಡಿ ಕಣ್ಣು ತೆಗೆಯುತ್ತಿದ್ದರು. ಆ ನೋಟವೇ ಅವನಿಗೆ ಹೆಚ್ಚು ಚುಚ್ಚುತ್ತಿದ್ದದ್ದು.

ಫೋನು ಮಾಡಿದವನು ಶಿರಸಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಅಕ್ಕನ ಮಗ ಕಿಶೋರ. ಮಾತಿಗೆ ತೊಡಗಿದರೆ ಎದುರಿಗಿದ್ದವನಿಗೆ ಉಸಿರು ತೆಗೆಯಲು ಬಿಡುವವನಲ್ಲ. "ಮಾವಾ, ರಂಗಸ್ಥಳ ಬೇಡ, ಭಾಗವತ್ರು ಬೇಡ, ಎಂತದೂ ಬೇಡ. ಭಾನುವಾರ ಬೆಳಿಗ್ಗೆ ಎಂಟೂವರೆ ಬೆಳಕಿಗೆ ನೀ ವೇಷ ಕಟ್ಟಿ ಹೂವಿನ ಮಧ್ಯ ನಿತ್ಗಂಡ್ರೆ ಸಾಕು. ಎರಡು ಸಾವಿರದ ಇಸವಿ ಕ್ಯಾಲೆಂಡರಿಗೆ. ಹಗಲಲ್ಲಿ ವೇಷದ ಪಟ ಯಾರೂ ತೆಗದ್ವಿಲ್ಲೆ, ಗೊತ್ತಿದ್ದ?"

"ಮಾರಾಯ, ಐವತ್ತಾತು ಯಂಗೆ. ಹೊಟ್ಟೆ ಬೈಂದು."

"ಹೊಟ್ಟೆ ಕೆರಿಯಪ್ಪ ಬಿಗೀತ. ಅವನ ಹತ್ರ ಮಾತಾಡಿ ಆತು. ಪೆಟ್ಟಿಗೆ ತಗಂಡು ಬತ್ನಡ."

"ಯಾವ ಹೂದೋಟ ಅದು?"

"ಬಿಳಗಿ ಸೀತತ್ತೆದು. ಡೇರೆ ಹೂ ಹಾಂಗೆ ಮತ್ತೆಲ್ಲಿದ್ದು ಹೇಳು? ಆಳೆತ್ತರ ಬೈಂದು. ಮತ್ತೆ ಮಾವಾ, ಯಂಗೆ ಆ ಕೈ ಬೇಕು. ಆಯಿ ಹೇಳ್ತಿರ್ತಲ, ಮಾದೇವನ ಕೈ, ಮಾದೇವನ ಕೈ ಹೇಳಿ. ಅದೇ ಬೇಕು."

ಆಗ ಅವನು ಹೂಂ ಅಂದಿದ್ದ.

ಆ ಕೈ. ಹೂವಿನ ಪಾತಿಯ ಬುಡದಲ್ಲಿ ಕೂತ ಹೆಣ್ಣು ಯಾರೋ ಕರೆದಂತಾಗಿ ತಲೆ ಎತ್ತುತ್ತಾಳೆ. ಬೆರಳಿಗೆಲ್ಲ ಮಣ್ಣು, ಅದಕ್ಕೇ ಹಣೆಗೆ ಬಿದ್ದ ಕೂದಲನ್ನು ಮಣಿಕಟ್ಟಿನ ಹಿಂಬದಿಯಿಂದ ಕಿವಿಯ ಹಿಂದಕ್ಕೆ ತಳ್ಳುತ್ತಾಳೆ, ಬೆರಳುಗಳು ಮಾತ್ರ ತಮಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ದೂರದಲ್ಲಿ ಅರಳಿ ನಿಂತಿರುತ್ತವೆ. ಆಮೇಲೆ ಕತ್ತನ್ನಷ್ಟೇ ತಿರುಗಿಸಿ ನೋಡುತ್ತಾಳೆ. ಇಷ್ಟೇ. ಇದಕ್ಕೆ ಪದ್ಯವಿಲ್ಲ, ಅರ್ಥದ ಮಾತಿಲ್ಲ, ಹೆಜ್ಜೆಯಿಲ್ಲ. ಯಲ್ಲಾಪುರದ ಕಡೆಯ ಜನ ಇದೊಂದನ್ನು ನೋಡಲೆಂದೇ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಯಾವ ಗುರುವೂ ಇದನ್ನು ಅವನಿಗೆ ಕಲಿಸಿರಲಿಲ್ಲ. ತಾಯಿ ತೀರಿಕೊಂಡ ಮರುವರ್ಷ ಅಣ್ಣನ ಮದುವೆಯಾಗಿ ಸೀತಮ್ಮ ಮನೆಗೆ ಬಂದಾಗ ಅವನಿಗೆ ಎಂಟು ವರ್ಷ, ಅವಳಿಗೆ ಇಪ್ಪತ್ತು. ಬಂದವಳು ಮನೆಯೆದುರಿನ ಬಯಲನ್ನು ಅಗೆದು ಪಾತಿ ಮಾಡಿದಳು. ಹೋದ ಹೋದ ಮನೆಯಲ್ಲಿ, ಉಪನಯನಕ್ಕೆ ಹೋಗಲಿ, ಬಾಣಂತಿ ನೋಡಲು ಹೋಗಲಿ, ಬರುವಾಗ ಸೆರಗಿನ ತುದಿಯಲ್ಲಿ, ಪೇಟೆಯವರು ಡೇಲಿಯಾ ಅನ್ನುವ ಡೇರೆಯ ಒಂದು ಗೆಡ್ಡೆ ಕಟ್ಟಿಕೊಂಡು ಬರುತ್ತಿದ್ದಳು. ಗಿಡಕ್ಕೆ ಬಣ್ಣದ ಹೆಸರಲ್ಲ, ಗೆಡ್ಡೆ ಕೊಟ್ಟ ಮನೆಯ ಹೆಸರು. ಇದು ಭೈರುಂಬೆ, ಇದು ಎಕ್ಕಂಬಿ, ಇದು ಯಲ್ಲಾಪುರದ ಅಕ್ಕ. ಬರೆಯುವ ಪಾಟಿ ಹಿಡಿದು ಅವನು ಪಾತಿಯ ಆಚೆ ಬದಿಯಲ್ಲಿ, ಅವಳ ಎದುರಿಗೆ ಕೂರುತ್ತಿದ್ದ. ಕೇಳುವುದೇನೂ ಇಲ್ಲದಿದ್ದರೂ "ಅತ್ಗೇ" ಎಂದು ಕರೆಯುತ್ತಿದ್ದ. ಕರೆದರೆ ಆ ಕೈ ಏಳುತ್ತಿತ್ತು. ಎದ್ದು, ಕೂದಲು ಸರಿದು, ಅದರ ಹಿಂದಿನಿಂದ ಅವಳ ಮುಖ ತನಗಾಗಿಯೇ ಎಂಬಂತೆ ತೆರೆದುಕೊಳ್ಳುತ್ತಿತ್ತು. "ಎಂತದ ಮಾಣಿ?" ಅನ್ನುತ್ತಿದ್ದಳು. ಎಂತದೂ ಇರುತ್ತಿರಲಿಲ್ಲ.

ಹದಿನೆಂಟಕ್ಕೆ ಮೇಳ ಸೇರಿದ. ಎಕ್ಕಂಬಿಯ ಆಟದಲ್ಲಿ, ಇಪ್ಪತ್ತನಾಲ್ಕು ವರ್ಷದ ಹಿಂದೆ, ಹೂ ಕೊಯ್ಯುವ ಸನ್ನಿವೇಶವೊಂದರಲ್ಲಿ ಆ ಕೈ ತನ್ನಷ್ಟಕ್ಕೆ ಎದ್ದಿತು. ತಾನು ಏನು ಮಾಡಿದೆನೆಂದು ಅವನಿಗೇ ಹೊಳೆದಿರಲಿಲ್ಲ. ಆದರೆ ಸಭೆಯಿಂದ ಯಾರೋ ಕೂಗಿದರು: "ಹೋ! ಬಿಳಗಿ ಸೀತಕ್ಕ ಬಂತಲ್ರೋ!" ಜನ ಹೋ ಎಂದು ನಕ್ಕರು, ಸಿಳ್ಳು ಬಿತ್ತು, ನಗು ಮುಗಿಯುವ ಹೊತ್ತಿಗೆ ಚಪ್ಪಾಳೆಯಾಯಿತು. ಅವನು ಇನ್ನೊಮ್ಮೆ ಮಾಡಿದ. ಅಲ್ಲಿಯೇ ಇತ್ತು ಮುಳ್ಳು. ಮೊದಲನೆಯದು ಗೊತ್ತಿಲ್ಲದೆ ಆದದ್ದು; ಎರಡನೆಯದು ಗೊತ್ತಿದ್ದೂ ಮಾಡಿದ್ದು, ಚಪ್ಪಾಳೆಗಾಗಿ ಮಾಡಿದ್ದು. ಆಮೇಲೆ ಹತ್ತು ವರ್ಷ ಮಾಡಿದ. ಮದುವೆಮನೆಯ ಪಂಕ್ತಿಯಲ್ಲಿ ಸೀತಮ್ಮ ತಲೆ ಎತ್ತಿದರೆ ಬಡಿಸುವ ಹುಡುಗರು ಮೊಣಕೈಯಿಂದ ತಿವಿದುಕೊಳ್ಳುತ್ತಿದ್ದರಂತೆ. ಬಸ್ಸಿನಲ್ಲಿ ಗುರುತಿಲ್ಲದ ಗಂಡಸೊಬ್ಬ ಮಣಿಕಟ್ಟು ಎತ್ತಿ ತೋರಿಸಿ ಹಲ್ಲು ಬಿಟ್ಟನಂತೆ. ಅಣ್ಣ ಬದುಕಿದ್ದಷ್ಟು ಕಾಲ ಒಂದೇ ಒಂದು ಸಲ ಹೇಳಿದ್ದ, ಅದೂ ಎಲೆಗೆ ಸುಣ್ಣ ಸವರುತ್ತ, ಮುಖ ನೋಡದೆ: "ಮನೆ ಹೆಂಗಸ್ರ ರಂಗಸ್ಥಳಕ್ಕೆ ಹತ್ಸಿದೆ ನೀನು." ಅತ್ತಿಗೆ ಏನೂ ಹೇಳಿರಲಿಲ್ಲ. ಆಟಕ್ಕೆ ಬರುವುದನ್ನು ಬಿಟ್ಟಳು. ಅವಳು ಬೈದಿದ್ದರೆ ಕ್ಷಮೆ ಕೇಳಬಹುದಿತ್ತು. ಬೈಯದವರ ಹತ್ತಿರ ಕೇಳುವುದು ಹೇಗೆ ಎಂದು ಅವನಿಗೆ ಇಂದಿಗೂ ತಿಳಿದಿರಲಿಲ್ಲ.

ಶುಕ್ರವಾರ ಅಂಗಡಿಗೆ ರಜೆ ಹೇಳಿ ಬಿಳಗಿಯ ಬಸ್ಸು ಹತ್ತಿದ. ತೋಟ ಕೇಳುವ ನೆವದಲ್ಲಿ ಆ ಮಾತನ್ನೂ ಆಡಿ ಮುಗಿಸುವುದೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದ. 'ಅತ್ಗೆ, ಎಕ್ಕಂಬಿಲಿ ಆನು' ಎಂಬಲ್ಲಿಗೆ ಬಂದು ವಾಕ್ಯ ನಿಲ್ಲುತ್ತಿತ್ತು. ಮೇಳದಲ್ಲಿ ಗಂಟೆಗಟ್ಟಲೆ ಅರ್ಥ ಹೇಳಿದ ನಾಲಿಗೆ ಇದು. ಚೌತಿ ಕಳೆದು ಹನ್ನೆರಡು ದಿನವಾಗಿತ್ತು, ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಮನೆಯೆದುರು ಡೇರೆಗಳು ಕೆಂಪು, ಬಿಳಿ, ಹಳದಿ, ಬದನೆಕಾಯಿಯ ಬಣ್ಣ, ಒಂದೊಂದು ಊಟದ ತಟ್ಟೆಯಷ್ಟಗಲ. ಅತ್ತಿಗೆ ಬಾಗಿದ ಗಿಡಕ್ಕೆ ಕೋಲು ಕೊಡುತ್ತಿದ್ದಳು. ತಲೆಗೆ ಬಿಳಿ ವಸ್ತ್ರ ಬಿಗಿದು ಕಟ್ಟಿದ್ದಳು, ಯಾವಾಗಲೂ ಕಟ್ಟುವ ಹಾಗೆ.

"ಯಾರು, ಮಾದೇವನ? ಬಿಸಿಲಲ್ಲಿ ಎಂತಕೆ ನಿತ್ತಿದ್ದೆ, ಜಗಲಿಗೆ ಬಾ."

"ಕಿಶೋರ ಫೋನು ಮಾಡಿದ್ನ ಅತ್ಗೆ?"

"ಮಾಡಿದ್ದ. ಅದೆಂತೋ ಪಟ ತೆಗೀತ್ನಡ. ನೀ ಹೆಂಗಸಾಗಿ ಬತ್ಯಡ."

"ನಿಂಗೆ ಬೇಡ ಹೇಳಿ ಕಂಡ್ರೆ ಬೇರೆ ಕಡೆ ನೋಡ್ಲಕ್ಕು."

"ಆನು ಬೇಡ ಹೇಳಿದ್ನ? ಗಿಡ ತುಳೀದೆ ಇದ್ರೆ ಆತು. ಮತ್ತೆ ಆ ಜರಿ ಸೆರಗು ಕೋಲಿಗೆ ಸಿಗ್ಸಡ, ಗಿಡ ಮುರೀತು. ಸಕ್ಕರೆ ಕಾಯಿಲೆ ಹೆಂಗಿದ್ದು? ಗುಳಿಗೆ ತಗತ್ಯ ಇಲ್ಯ?"

ಮಾತು ಅಲ್ಲಿಂದ ಗುಳಿಗೆಗೆ ಹೋಯಿತು, ಗುಳಿಗೆಯಿಂದ ಪಥ್ಯಕ್ಕೆ, ಪಥ್ಯದಿಂದ ಊಟಕ್ಕೆ. ಕ್ಷಮೆ ಕೇಳಲು ಬಂದವನು ಎರಡೆರಡು ಸಲ ತಂಬುಳಿ ಹಾಕಿಸಿಕೊಂಡು ಉಂಡ. ಕೈ ತೊಳೆಯುವಾಗ ತನ್ನ ಮೇಲೆ ಅವನಿಗೇ ಹೇಸಿಗೆಯಾಯಿತು. ಬಸ್ಸಿಗೆ ಹೊರಟಾಗ ಅವಳು ಒಂದು ಹೂವನ್ನೂ ಕೊಯ್ದು ಕೊಡಲಿಲ್ಲ. ಹಿಂದೆಲ್ಲ ಮನೆಗೆ ಬಂದವರು ಯಾರೇ ಆಗಲಿ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಅದನ್ನು ಅವನು ಗಮನಿಸಿದ. ಗಮನಿಸಿ, ಹೌದು, ನನಗೆ ಕೊಡುವುದು ಹೇಗೆ, ಎಂದುಕೊಂಡ.

ಭಾನುವಾರ ನಸುಕಿನ ಕತ್ತಲಲ್ಲಿ ಅವನು ಬರುವ ಹೊತ್ತಿಗೆ ಕೆರಿಯಪ್ಪ ಜಗಲಿಯ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಿ ಕೂತಿದ್ದ. ಮೇಳದ ದಿನಗಳಿಂದ ಅವನಿಗೆ ವೇಷ ಕಟ್ಟುತ್ತ ಬಂದ ಮುದುಕ. ಈಗ ಎಲ್ಲಿಯೋ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಮಾತ್ರ ಪೆಟ್ಟಿಗೆ ಹೊರಬೀಳುತ್ತಿತ್ತು. ಅತ್ತಿಗೆಯ ಒತ್ತಾಯಕ್ಕೆ ಗಣಪತಿಗೆ ದೀಪ ಹಚ್ಚಿ, ಮಂಗಳಾರತಿ ಮಾಡಿ, ಬಣ್ಣಕ್ಕೆ ಕೈ ಹಾಕಿದರು. ಕೆರಿಯಪ್ಪ ಅಂಗೈಯಲ್ಲಿ ಬಿಳಿ ಸಫೇದಕ್ಕೆ ಹಳದಿಯ ಅರದಾಳ ಬೆರೆಸುತ್ತ ತಡೆದು ನಿಂತ. "ರಾತ್ರಿ ಗ್ಯಾಸ್‌ಲೈಟಿಗೆ ಹಾಕೋ ಲೆಕ್ಕ ನಂದು ಹೆಗಡೇರೆ. ಹಗಲಿಗೆ ಇಷ್ಟು ಹಳದಿ ಬಿದ್ರೆ ಕಾಮಾಲೆ ಆದೋರಂಗೆ ಕಾಣ್ತೀರಿ."

"ಹಂಗಾದ್ರೆ ಕಮ್ಮಿ ಮಾಡು."

"ಕಮ್ಮಿ ಮಾಡಿದ್ರೆ ಐವತ್ತು ವರ್ಷ ಕಾಣ್ತೈತೆ."

"ಎರಡರಲ್ಲಿ ಯಾವುದು ಚೊಲೋ?"

"ಕಾಮಾಲೇನೇ," ಅಂದ ಕೆರಿಯಪ್ಪ. ಸೊಂಟದ ಪಟ್ಟಿ ಬಿಗಿಯುವಾಗ ಮೊಣಕಾಲು ಕೊಟ್ಟು ಎಳೆದ. "ಉಸ್ರು ಬಿಡಿ. ಪೂರಾ ಬಿಡಿ. ಬಟ್ಟೆ ಅಂಗ್ಡೀಲಿ ಇವ್ರು ಸೀರೆ ತೋರ್ಸಿದ್ದೋ, ಸೀರೆ ತಿಂದಿದ್ದೋ!"

ಕನ್ನಡಿಯಲ್ಲಿ ಮುಖ ಮೆಲ್ಲಗೆ ಬೇರೆಯಾಗತೊಡಗಿತು. ಹುಬ್ಬು ತೀಡಿದ್ದಾಯಿತು, ತುಟಿಗೆ ಕೆಂಪಾಯಿತು. ಒಂದು ಕಾಲದಲ್ಲಿ ಈ ಘಳಿಗೆಯಲ್ಲಿ ಎದೆಯೊಳಗೆ ಯಾರೋ ಬಾಗಿಲು ತೆರೆದು ಒಳಬರುತ್ತಿದ್ದರು. ಈಗ ಬಣ್ಣದ ಕೆಳಗೆ ಗಲ್ಲದ ಜೋಲು ಚರ್ಮ ಬೆವರುತ್ತಿತ್ತು ಅಷ್ಟೆ. ಈ ಮುಖ ಹೊತ್ತು ಅವಳದೇ ಪಾತಿಯಲ್ಲಿ, ಅವಳ ಕಣ್ಣೆದುರು, ಅವಳ ಕೈಯನ್ನೇ ಎತ್ತಿ ನಿಲ್ಲುವುದು. ಆಗದು ಎಂದು ಈಗಲೂ ಹೇಳಬಹುದು ಎಂದುಕೊಳ್ಳುತ್ತಿರುವಾಗ ಕಿಶೋರ ಓಡಿಬಂದ. ಕ್ಯಾಮೆರಾ ಕತ್ತಿನಲ್ಲಿ ತೂಗಾಡುತ್ತಿತ್ತು, ಮುಖದಲ್ಲಿ ರಕ್ತವಿರಲಿಲ್ಲ.

"ಮಾವಾ, ಹೂ ಇಲ್ಲೆ!"

"ಎಂತಾತಾ?"

"ಒಂದೂ ಇಲ್ಲೆ. ಬರೀ ಗಿಡ ನಿತ್ತಿದ್ದು. ಯಾರೋ ಪೂರಾ ಕೊಯ್ಕಂಡು ಹೋಯ್ದ!"

ಹಿಂದೆಯೇ ಅತ್ತಿಗೆಯ ದನಿ ಬಂತು. "ಯಾರೋ ಎಂತಕೆ ಕೊಯ್ತ? ಆನೇ ಕೊಯ್ದಿದ್ದು." ಅವಳು ಗಣಪತಿಯ ಪಟದ ಕಡೆ ಕೈ ಮಾಡಿದಳು. ಆಗ ಅವರು ಮೂವರೂ ನೋಡಿದರು. ನಸುಕಿನ ಆರತಿಯ ಮಂದ ಬೆಳಕಿನಲ್ಲಿ ಯಾವುದೋ ಪೂಜೆಯ ಹೂ ಎಂದುಕೊಂಡದ್ದು, ಪಟದ ಕೆಳಗೆ, ಹರಿವಾಣದಲ್ಲಿ, ಎರಡು ಬುಟ್ಟಿಗಳಲ್ಲಿ ತುಂಬಿ ನಿಂತ ಡೇರೆ ಹೂಗಳು. "ವೇಷ ಕಟ್ಟದು ಹೇಳಿದ್ರೆ ಚೌಕಿ ಪೂಜೆ ಆಗವಲ? ಹೂವಿಲ್ದೆ ಬಣ್ಣ ಹಚ್ಚಲೆ ಆಗ್ತ? ಅದ್ಕೇ ಶುಕ್ರವಾರದಿಂದ ಒಂದೂ ಯಾರಿಗೂ ಕೊಡದ್ದೆ ಇಟ್ಟಿದ್ದಿ. ಇವತ್ತು ಬೆಳಗಾಪ್ಪಲೆ ಎದ್ದು ಕೊಯ್ದಿ."

"ಅತ್ತೇ," ಕಿಶೋರನಿಗೆ ಅಳುವೇ ಬಂದಿತ್ತು, "ಗಿಡದ ಮೇಲಿನ ಹೂವಿಗೇ ಅಲ್ದ ಆನು ಬಂದಿದ್ದು! ಹೂವಿನ ಮಧ್ಯ ಮಾವನ್ನ ನಿಲ್ಸಲೆ!"

ಅತ್ತಿಗೆಯ ಮುಖ ಸಣ್ಣದಾಯಿತು. ಅರವತ್ತೆರಡು ವರ್ಷದ ಹೆಂಗಸು ಪಾಠ ತಪ್ಪಿದ ಹುಡುಗಿಯ ಹಾಗೆ ಬುಟ್ಟಿಯನ್ನು ನೋಡಿದಳು, ಬಾಗಿಲಾಚೆಯ ಗಿಡಗಳನ್ನು ನೋಡಿದಳು. "ಪಟಕ್ಕೆ ಹೂ ಬೇಕು ಅಂದ. ಗಿಡದಲ್ಲೇ ಬೇಕು ಹೇಳಿ ಯಾರೂ ಹೇಳಿದ್ವಿಲ್ಲೆ," ಎಂದು ಮೆಲ್ಲಗೆ ಅಂದಳು. ಮಾದೇವ ಬಗ್ಗಿ ಒಂದು ಹೂವನ್ನು ಎತ್ತಿಕೊಂಡ. ಕೊಡಲಿಲ್ಲ ಎಂದು ಅವನು ಶುಕ್ರವಾರ ನೊಂದುಕೊಂಡ ಹೂವು, ಇದು. ಅವನ ಬಣ್ಣಕ್ಕೆ ಮೊದಲು ದೇವರ ಎದುರು ಇಡಲೆಂದು ಮುಚ್ಚಿಟ್ಟದ್ದು. ಆ ವೇಷದ ಹೆಸರೆತ್ತಿದರೆ ಅವಳಿಗೆ ಆಗದು ಎಂದು ಇಪ್ಪತ್ತನಾಲ್ಕು ವರ್ಷ ನಂಬಿದ್ದವನು ಅವನು.

ಮೊದಲು ಎದ್ದದ್ದು ಅವಳೇ. "ಕೂತ್ರೆ ಆಗ್ತಿಲ್ಲೆ. ಕಿಶೋರಾ, ಹಿತ್ಲಿಗೆ ಹೋಗಿ ಬಾಳೆನಾರು ತಗಂಬಾ. ಕಟ್ಟನ."

"ಎಂತ ಕಟ್ಟದು?"

"ಹೂವ. ಗಿಡಕ್ಕೆ."

ಹಾಗೆ, ಬಿಸಿಲು ಏರುತ್ತಿದ್ದಂತೆ, ಕೊಯ್ದ ಹೂವನ್ನು ನಾಲ್ಕು ಜನ ಕೂತು ಗಿಡಕ್ಕೆ ಮರಳಿ ಕಟ್ಟತೊಡಗಿದರು. ಕೆರಿಯಪ್ಪ ನಾರನ್ನು ಹಲ್ಲಿನಲ್ಲಿ ಸೀಳಿ, ತೊಟ್ಟಿಗೆ ಸುತ್ತು ಹಾಕಿ, ಗಂಟು ಕಾಣದ ಹಾಗೆ ಎಲೆಯಡಿ ಸೇರಿಸುತ್ತಿದ್ದ. "ಎಷ್ಟು ರಾಜರ ಸೊಂಟ ಕಟ್ಟಿದ ಕೈ ಇದು, ಹೂ ಯಾವ ಗಿಡದ ತೊಪ್ಪಲು," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಕಿಶೋರ ಸಿಕ್ಕ ಹೂವನ್ನು ಸಿಕ್ಕ ಗಿಡಕ್ಕೆ ಕಟ್ಟಲು ಹೋದರೆ ಅತ್ತಿಗೆ ಬಿಡಲೊಲ್ಲಳು. "ಅದು ಭೈರುಂಬೆ, ಅತ್ಲಾಗೆ. ಎಕ್ಕಂಬಿ ಗಿಡಕ್ಕೆ ಅದರ ಕಟ್ಟಡ. ಪಟದಲ್ಲಿ ಯಾರಾದ್ರೂ ನೋಡಿದ್ರೆ ಎಂತ ಹೇಳ್ತ!" ಮಾದೇವ ಸೀರೆಯ ನಿರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಪಾತಿಯ ಆಚೆ ಬದಿಯಲ್ಲಿ, ಅವಳ ಎದುರಿಗೆ ಕೂತ. ಕೂತ ಮೇಲೆ ತಿಳಿಯಿತು, ಇದೇ ಜಾಗ. ಪಾಟಿಯೊಂದಿಲ್ಲ. ಮಣ್ಣಿನ ವಾಸನೆ ಅದೇ, ಡೇರೆ ಎಲೆ ಜಜ್ಜಿದ ಕಹಿ ವಾಸನೆ ಅದೇ. ಕೈಬಳೆಗಳು ಗಿಡಕ್ಕೆ ತಾಗಿ ಸಣ್ಣಗೆ ಸದ್ದು ಮಾಡಿದವು. ಅರವತ್ತನೆಯ ಇಸವಿಯ ಯಾವುದೋ ಬೆಳಗು ಈ ಬೆಳಗಿನ ಕೆಳಗೆ ಒದ್ದೆಯಾಗಿ ಉಳಿದುಕೊಂಡಿತ್ತು. ಅವನಿಗೆ ಅರಿವಾಗುವ ಮೊದಲೇ ಬಾಯಿಂದ ಬಂತು: "ಅತ್ಗೇ."

ಅವಳು ತಲೆ ಎತ್ತಿದಳು. ಬಗ್ಗಿ ಬಗ್ಗಿ ವಸ್ತ್ರ ಸಡಿಲಾಗಿ, ಒಂದು ಹಿಡಿ ಬಿಳಿಕೂದಲು ಹಣೆಯ ಮೇಲೆ ಜಾರಿತ್ತು. ಮಣ್ಣಾದ ಕೈ ಮೇಲೆದ್ದಿತು, ಅರ್ಧಕ್ಕೆ ಬಂತು, ಅಲ್ಲಿಯೇ ನಿಂತಿತು. ಆಮೇಲೆ, ಕದಿಯುವಾಗ ಸಿಕ್ಕಿಬಿದ್ದ ಕೈಯಂತೆ ಕೆಳಗಿಳಿಯಿತು. ಅವಳು ಮಣ್ಣು ಬೆರಳಿನಿಂದಲೇ ವಸ್ತ್ರವನ್ನು ಹಿಡಿದು ಹಣೆಗೆ ಬಿಗಿದುಕೊಂಡಳು. ಬಿಳಿ ಬಟ್ಟೆಯ ಮೇಲೆ ಐದು ಬೆರಳಿನ ಕೆಂಪು ಕಲೆ ಮೂಡಿತು. ಈ ವಸ್ತ್ರ ಬಿಸಿಲಿಗೆ ಕಟ್ಟಿದ್ದೆಂದು, ಆಮೇಲೆ ವಯಸ್ಸಿಗೆ ಕಟ್ಟಿದ್ದೆಂದು ಅವನು ತಿಳಿದಿದ್ದ. ಯಾವ ವರ್ಷದಿಂದ ಕಟ್ಟುತ್ತಿದ್ದಾಳೆಂದು ಒಂದು ದಿನವೂ ಲೆಕ್ಕ ಹಾಕಿರಲಿಲ್ಲ.

"ಎಕ್ಕಂಬಿ ಆಟದ ನಂತ್ರ ಅಲ್ದ ಇದು? ಈ ವಸ್ತ್ರ."

ಅವಳು ನಾರಿನ ಗಂಟು ಬಿಗಿದಳು. "ಕೈ ತನ್ನಷ್ಟಕ್ಕೆ ಏಳ್ತಿತ್ತು. ಎದ್ದ ಕೂಡ್ಲೆ ಯಾರೋ ನಗ್ತ ಹೇಳಿ ಕಾಣ್ತಿತ್ತು. ಕೂದ್ಲು ಬೀಳದ್ದೆ ಹೋದ್ರೆ ಕೈ ಏಳ್ತಿಲ್ಲೆ. ಅದ್ಕೇ ಕಟ್ಟಿದಿ."

"ಆನು ಬೇಕು ಹೇಳೇ ಎರಡ್ನೇ ಸಲ ಮಾಡಿದ್ದು ಅತ್ಗೆ. ಅವ್ರು ನಕ್ಕಿದ್ದು ಕೇಳಿ, ಯಾರ ಬಗ್ಗೆ ನಕ್ಕಿದ್ದು ಹೇಳಿ ಗೊತ್ತಾಗಿ, ಆಮೇಲೂ." ಬಣ್ಣದ ಮೇಲೆ ಕಣ್ಣೀರು ಹರಿಯಬಾರದೆಂಬ ಹಳೆಯ ಅಭ್ಯಾಸಕ್ಕೆ ಅವನು ಮುಖವನ್ನು ಮೇಲೆತ್ತಿ ಹಿಡಿದ. "ತಪ್ಪಾತು ಹೇಳಲೆ ಇಷ್ಟು ವರ್ಷ ಬೇಕಾತು."

"ಎರಡ್ನೇ ಸಲದ್ದೂ ನೋಡಿದ್ದಿ," ಅಂದಳು ಅತ್ತಿಗೆ.

ಅವನಿಗೆ ಅರ್ಥವಾಗಲಿಲ್ಲ.

"ಎಕ್ಕಂಬಿ ಯನ್ನ ತವರುಮನೆ ಊರಲ್ದನ? ಆಯಿಗೆ ಹುಷಾರಿಲ್ಲೆ ಹೇಳಿ ಹೋಗಿದ್ದಿ. ನಿನ್ನ ಆಟ ಹೇಳಿ ಗೊತ್ತಾಗಿ ಹೆಂಗಸ್ರ ಜೊತಿಗೆ ಬಂದಿ. ಹಿಂದೆ, ಕಂಬದ ಹತ್ರ ಕೂತಿದ್ದಿ. ನಿಂಗೆ ಹೇಳಿದ್ನಿಲ್ಲೆ." ಅವಳು ಇನ್ನೊಂದು ಹೂ ತೆಗೆದುಕೊಂಡಳು. "ಸುತ್ತ ಕೂತವೆಲ್ಲಾ ಯನ್ನ ಬದಿಗೆ ತಿರುಗಿ ನಕ್ಕ. ನೆಲ ಬಾಯಿ ಬಿಡ್ಲಿ ಹೇಳಿ ಕಂಡತ್ತು. ಅಷ್ಟಾದ್ರೂ ಕಣ್ಣು ಮುಚ್ಚಲೆ ಆಜಿಲ್ಲೆ ಯಂಗೆ. ಯಾರೂ ನೋಡದ್ದನ್ನ ನೀ ಹಾಂಗೆ ನೋಡಿಟ್ಕಂಡಿದ್ದೆ ಹೇಳಿ ಗೊತ್ತಾತು. ಸಿಟ್ಟೂ ಬಂತು. ಅದರ ಮೇಲೆ, ಮಾಣಿ, ನೀ ತಪ್ಪು ಮಾಡ್ತಿದ್ದೆ."

"ತಪ್ಪು?"

"ಎಡಗೈ!" ಇಷ್ಟು ವರ್ಷ ಬಿಗಿಹಿಡಿದದ್ದು ಒಮ್ಮೆಲೇ ಹೊರಬಿದ್ದಂತೆ ಅವಳ ದನಿ ಏರಿತು. "ಎಡಗೈ ಎತ್ತಿದೆ ನೀನು. ಆನು ಬಲಗೈಲಿ ಅಲ್ದನ ಸರಿಸದು? ಇಡೀ ಸೀಮೆಗೆ ಸೀತಕ್ಕ ಎಡಚಿ ಹೇಳಿ ತೋರ್ಸ್ಕೋತ ಬಂದೆ, ಹತ್ತು ವರ್ಷ!"

ಕೆರಿಯಪ್ಪ ನಾರು ಬಾಯಲ್ಲಿಟ್ಟುಕೊಂಡೇ ನಕ್ಕುಬಿಟ್ಟ. ಮಾದೇವ ತನ್ನ ಎಡಗೈಯನ್ನು ನೋಡಿದ. ಎದುರಿಗೆ ಕೂತು ಕಲಿತ ಹುಡುಗ. ಅವಳ ಬಲ ಅವನಿಗೆ ಎಡಕ್ಕೆ ಬಂದಿತ್ತು. ಬಂದ ಕಡೆಯ ಕೈಯನ್ನೇ ಅವನು ಎತ್ತಿದ್ದ. ಅದಕ್ಕೇ ಸಿಳ್ಳು ಬಿದ್ದಿತ್ತು, ಅದಕ್ಕೇ ಜನ ಗಾಡಿ ಕಟ್ಟಿಕೊಂಡು ಬಂದಿದ್ದರು.

ಅತ್ತಿಗೆ ವಸ್ತ್ರವನ್ನು ಬಿಚ್ಚಿ ಡೇರೆ ಕೋಲಿಗೆ ಸಿಕ್ಕಿಸಿದಳು. ಬಿಳಿಯ ಕೂದಲು ಹಣೆಗೆ ಬಿತ್ತು. "ನೋಡು. ಹೀಂಗೆ." ಮಣಿಕಟ್ಟು ಎದ್ದಿತು, ಈ ಸಲ ನಿಲ್ಲಲಿಲ್ಲ. ಕೂದಲು ಕಿವಿಯ ಹಿಂದಕ್ಕೆ ಹೋಯಿತು, ಗಂಟು ಬಿದ್ದ ಬೆರಳುಗಳು ದೂರದಲ್ಲಿ ಅರಳಿ ನಿಂತವು, ಮುಖ ತೆರೆಯಿತು. ಕಿಶೋರ ಗೊತ್ತಿಲ್ಲದೆಯೇ ಕ್ಯಾಮೆರಾ ಕಣ್ಣಿಗೆ ಏರಿಸಿದ್ದ. ಮಾದೇವ ಬಳೆ ತುಂಬಿದ ಕೈಯನ್ನು ಪೂರ್ತಿ ಚಾಚಿ ಲೆನ್ಸಿಗೆ ಅಡ್ಡ ಹಿಡಿದ.

"ತಡಿ. ಮೊದ್ಲು ಕೇಳು ಅತ್ಗೆ ಹತ್ರ."

ಕಿಶೋರ ತಬ್ಬಿಬ್ಬಾಗಿ ಕ್ಯಾಮೆರಾ ಇಳಿಸಿದ. "ಅತ್ತೆ, ನಿಂದು ತೆಗೀಲಕ್ಕ?"

"ಯನ್ನದು ಕಡಿಗೆ ನೋಡನ," ಅಂದಳು ಅತ್ತಿಗೆ. "ಮೊದ್ಲು ಇವಂಗೆ ಬತ್ತ ನೋಡ್ತೆ. ಏ ಮಾಣಿ, ಎದ್ರಿಗೆ ಕೂರಡ. ಎದ್ರಿಗೆ ಕೂತೇ ಹಾಳಾಗಿದ್ದು. ಬಗಲಿಗೆ ಬಾ."

ಅವನು ನಿರಿಗೆ ಎತ್ತಿಕೊಂಡು, ಕಟ್ಟಿದ ಹೂಗಳನ್ನು ಸೆರಗಿಗೆ ಸಿಗಿಸದೆ, ಪಾತಿ ದಾಟಿ ಅವಳ ಪಕ್ಕಕ್ಕೆ ಹೋಗಿ ಕೂತ. ಬಲಗೈ ಎತ್ತಿದ. ಅದು ಯಾರದೋ ಕೈಯಂತೆ ಭಾರವಾಗಿ ಎದ್ದು, ಕಿವಿಯ ಓಲೆಗೆ ಬಡಿದು, ಕೆನ್ನೆಯ ಬಣ್ಣವನ್ನು ಉದ್ದಕ್ಕೆ ಒರೆಸಿಕೊಂಡು ಬಂತು.

"ಇನ್ನೊಂದ್ಸಲ," ಅಂದಳು ಅತ್ತಿಗೆ.